ಕಿಟಕಿ ಇರುವ ಸೂಜಿ

ಹಿರಿಯೂರಿನಲ್ಲಿ ಹೆದ್ದಾರಿಗೆ ಮುಖ ಮಾಡಿಕೊಂಡು ಒಂದು ಹಲ್ಲಿನ ಆಸ್ಪತ್ರೆ. ಕೆಳಗೆ ಎರಡು ಕುರ್ಚಿಯ ಆಸ್ಪತ್ರೆ, ಮಹಡಿಯ ಮೇಲೆ ಡಾಕ್ಟರ ಮನೆ. ಡಾಕ್ಟರ ಹೆಸರು ಓಂಕಾರಯ್ಯ. ಮೂವತ್ತು ವರ್ಷದಿಂದ ಆ ಊರಿನ ಬಾಯಿಗಳನ್ನೆಲ್ಲ ಬಲ್ಲವರು. ಯಾರ ಮನೆಯಲ್ಲಿ ಎಲೆಅಡಿಕೆ ಜಾಸ್ತಿ, ಯಾರು ಕದ್ದು ಬೆಲ್ಲ ತಿನ್ನುತ್ತಾರೆ ಎಂಬುದನ್ನು ಹಲ್ಲು ನೋಡಿಯೇ ಹೇಳುತ್ತಿದ್ದರು.

ಅವರ ಕೈಕೆಳಗೆ ಎರಡು ವರ್ಷದಿಂದ ದುಡಿಯುತ್ತಿದ್ದವಳು ದಾಕ್ಷಾಯಿಣಿ. ದಾವಣಗೆರೆಯಲ್ಲಿ ಓದಿ ಡಾಕ್ಟರಾಗಿ ಬಂದವಳು. ಕೈ ಚುರುಕು, ಕಣ್ಣು ಚುರುಕು, ನಾಲಿಗೆಯೂ ಚುರುಕು. ಬಸ್ಸು ಹಿಡಿಯುವ ಆತುರದಲ್ಲಿ ಬಂದ ಹಳ್ಳಿಯವರು ಅವಳ ಕುರ್ಚಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಓಂಕಾರಯ್ಯನವರು ಒಂದು ಹಲ್ಲು ಮುಗಿಸುವಷ್ಟರಲ್ಲಿ ಅವಳು ಎರಡು ಮುಗಿಸಿ ಕೈ ತೊಳೆದುಕೊಂಡಿರುತ್ತಿದ್ದಳು.

ಒಂದು ಸೋಮವಾರ ಓಂಕಾರಯ್ಯನವರು ಅವಳನ್ನು ಕರೆದು ಹೇಳಿದರು. ಮುಂದಿನ ವಾರದಿಂದ ರೂಟ್ ಕೆನಾಲ್ ಕೆಲಸವೆಲ್ಲ ನಿನ್ನ ಕೈಗೆ. ಬಾಗಿಲ ಬೋರ್ಡಿನ ಮೇಲೆ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು ಬರೆಸುತ್ತೇನೆ. ಅದಕ್ಕೆ ಮುಂಚೆ ಇನ್ನೊಂದೇ ಒಂದು ಹಲ್ಲು ನೀನು ಮಾಡುವುದನ್ನು ನೋಡಬೇಕು.

ದಾಕ್ಷಾಯಿಣಿಗೆ ಆ ರಾತ್ರಿ ಊಟ ರುಚಿಸಿತು. ಒಂದು ಹಲ್ಲೇನು, ಬೇಕಾದರೆ ಬಾಯಿತುಂಬ ಮಾಡಿ ತೋರಿಸುತ್ತೇನೆ ಅಂದುಕೊಂಡಳು.

ಈಗ ಈ ರೂಟ್ ಕೆನಾಲ್ ಅನ್ನುವುದು ಏನು, ಅದನ್ನು ತಿಳಿದುಕೊಂಡು ಮುಂದೆ ಹೋಗೋಣ. ಹಲ್ಲೆಂದರೆ ಗಟ್ಟಿ ಕಲ್ಲಲ್ಲ. ಒಳಗೆ ಕೂದಲೆಳೆಯಷ್ಟು ಸಣ್ಣ ಬಾವಿ ಇದೆ. ಬಾವಿಯೊಳಗೆ ಜೀವವಿದೆ. ಹುಳುಕು ಇಳಿದು ಆ ಜೀವ ಸತ್ತರೆ ಅದು ಅಲ್ಲೇ ಕೊಳೆಯುತ್ತದೆ, ಕೀವಾಗುತ್ತದೆ. ಡಾಕ್ಟರು ಹಲ್ಲಿನ ತಲೆಗೆ ತೂತು ಮಾಡಿ, ಸಣ್ಣ ಅರಗಳಿಂದ ಆ ಕೊಳೆಯನ್ನು ಕೆರೆದು ತೆಗೆಯುತ್ತಾರೆ. ಕೆರೆದರೆ ಸಾಲದು, ತೊಳೆಯಬೇಕು. ತೊಳೆಯುವುದು ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿಂಗ್ ಜಾತಿಯ ನೀರಿನಿಂದ. ಸಿರಿಂಜಿನಲ್ಲಿ ಅದನ್ನು ತುಂಬಿಕೊಂಡು, ತೆಳ್ಳನೆ ಸೂಜಿಯಿಂದ ಬಾವಿಯೊಳಗೆ ಬಿಡುತ್ತಾರೆ.

ಆ ನೀರು ಬಹಳ ಒಳ್ಳೆಯದು, ಬಹಳ ಕೆಟ್ಟದ್ದು. ಹಲ್ಲಿನ ಒಳಗಿದ್ದರೆ ಕೊಳೆಯನ್ನು ತಿನ್ನುತ್ತದೆ. ಬೇರಿನ ತುದಿ ದಾಟಿ ಆಚೆ ಹೋದರೆ ಜೀವಂತ ಮಾಂಸವನ್ನೂ ಬಿಡುವುದಿಲ್ಲ. ಅದಕ್ಕೆ ಕೊಳೆ ಯಾವುದು, ಮಾಂಸ ಯಾವುದು ಎಂಬ ಭೇದ ತಿಳಿಯದು.

ಇದಕ್ಕೇ ಓಂಕಾರಯ್ಯನವರು ಬೇರೆ ತರಹದ ಸೂಜಿ ತರಿಸುತ್ತಿದ್ದರು. ಮಾಮೂಲಿ ಸೂಜಿಗೆ ತುದಿಯಲ್ಲೇ ಬಾಯಿ. ನೀರು ಮುಂದಕ್ಕೆ, ನೆಟ್ಟಗೆ ಚಿಮ್ಮುತ್ತದೆ. ಇವರ ಸೂಜಿಗೆ ತುದಿ ಮುಚ್ಚಿದೆ. ತುದಿಗಿಂತ ಸ್ವಲ್ಪ ಮೇಲೆ, ಪಕ್ಕದಲ್ಲಿ ಒಂದು ಸಣ್ಣ ಬಾಯಿ. ನೀರು ಪಕ್ಕಕ್ಕೆ ಹೊರಟು, ಹಲ್ಲಿನ ಗೋಡೆಗೆ ತಾಗಿ, ತಿರುಗಿ ಮೇಲೆ ಬರುತ್ತದೆ. ಆಸ್ಪತ್ರೆಯ ಹಳೆಯ ಸಹಾಯಕಿ ಪುಟ್ಟರಂಗಮ್ಮ ಅದಕ್ಕೆ ಕಿಟಕಿ ಸೂಜಿ ಎಂದು ಹೆಸರಿಟ್ಟಿದ್ದಳು. ಆ ಹೆಸರೇ ನಿಂತಿತ್ತು.

ದಾಕ್ಷಾಯಿಣಿಗೆ ಕಿಟಕಿ ಸೂಜಿ ಎಂದರೆ ಮುದುಕರ ಮಡಿ ಇದ್ದ ಹಾಗೆ. ನೀರು ಪಕ್ಕಕ್ಕೆ ಹೋದರೆ ತುದಿಯವರೆಗೆ ತೊಳೆಯುವುದು ಹೇಗೆ ಎಂಬುದು ಅವಳ ವಾದ. ಆ ವಾದದಲ್ಲಿ ಸುಳ್ಳಿರಲಿಲ್ಲ. ಮುಚ್ಚಿದ ಸೂಜಿಯ ನೀರು ತುದಿಯಿಂದ ಮುಂದೆ ಬಹಳ ದೂರ ಹೋಗದು. ಅದಕ್ಕಾಗಿ ನಿಧಾನವಾಗಿ, ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ, ಮತ್ತೆ ಮತ್ತೆ ತೊಳೆಯಬೇಕು. ಹೊರಗೆ ಹತ್ತು ಜನ ಗಲ್ಲ ಹಿಡಿದುಕೊಂಡು ಕೂತಿರುವಾಗ ಅಷ್ಟು ಪುರುಸೊತ್ತು ಯಾರಿಗಿದೆ?

ಹಾಗಾಗಿ ಅವಳು ತನ್ನದೇ ಒಂದು ದಾರಿ ಮಾಡಿಕೊಂಡಿದ್ದಳು. ಓಂಕಾರಯ್ಯನವರು ಆ ಕಡೆ ಕುರ್ಚಿಯಲ್ಲಿ ಮುಳುಗಿದ್ದಾಗ, ಮಾಮೂಲಿ ಸೂಜಿ ಹಾಕಿಕೊಳ್ಳುತ್ತಿದ್ದಳು. ಅದು ಬಿಗಿಯಾಗುವ ತನಕ ಬೇರಿನೊಳಗೆ ಇಳಿಸುತ್ತಿದ್ದಳು. ಸಂದಿಲ್ಲದಂತೆ ಕೂತ ಮೇಲೆ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಬಿಗಿಯಾಗಿ ಕೂತ ಸೂಜಿಯ ಪಕ್ಕದಿಂದ ಒಂದು ಹನಿಯೂ ವಾಪಸು ಬರುತ್ತಿರಲಿಲ್ಲ. ಹಲ್ಲಿನ ಸುತ್ತ ಕಟ್ಟಿದ ರಬ್ಬರ್ ಹಾಳೆ ಒಣಗಿಕೊಂಡೇ ಇರುತ್ತಿತ್ತು. ನೀರೆಳೆಯುವ ಕೊಳವೆ ಹಿಡಿದು ನಿಂತ ಪುಟ್ಟರಂಗಮ್ಮನಿಗೆ ಎಳೆಯಲು ಏನೂ ಇರುತ್ತಿರಲಿಲ್ಲ. ಘಾಟು ವಾಸನೆ ಬರಲೇ ಇಲ್ಲ ಎಂದು ರೋಗಿಗಳು ಹೊಗಳಿಕೊಂಡು ಹೋಗುತ್ತಿದ್ದರು.

ಸಂಜೆ ಹೊತ್ತು ಪುಟ್ಟರಂಗಮ್ಮ ಎರಡೂ ಕುರ್ಚಿಯ ಕೊಳವೆ ಎಳೆದ ನೀರು ತುಂಬುವ ಬಾಟಲಿಗಳನ್ನು ಚೆಲ್ಲಿ ತೊಳೆಯುತ್ತಿದ್ದಳು. ಒಂದು ದಿನ ಓಂಕಾರಯ್ಯನವರು ದಾಕ್ಷಾಯಿಣಿಯ ಬಾಟಲಿಯನ್ನು ಎತ್ತಿ ನೋಡಿ, "ಇದು ಯಾಕಮ್ಮ ಇಷ್ಟು ಹಗುರ?" ಅಂದರು. ನನ್ನ ಕೆಲಸ ಅಷ್ಟು ಚೊಕ್ಕಟ ಸಾರ್ ಎಂದಳು ಅವಳು. ಅವರು ಬಾಟಲಿ ಕೆಳಗಿಟ್ಟು ಮಹಡಿ ಹತ್ತಿ ಹೋದರು. ಅದನ್ನು ಅವಳು ಮೆಚ್ಚುಗೆ ಎಂದೇ ಲೆಕ್ಕ ಹಿಡಿದಳು.

ಇನ್ನೊಂದೇ ಹಲ್ಲು ಎಂದಿದ್ದರಲ್ಲ, ಆ ಹಲ್ಲು ಮಂಗಳವಾರ ಬಂತು. ಅದರ ಯಜಮಾನ ರಹಮತ್ ಸಾಬ್.

ರಹಮತ್ ಸಾಬರು ಹೆದ್ದಾರಿಯ ಲಾರಿಗಳಿಗೆ ಗ್ರೀಸ್ ಹೊಡೆಯುವವರು. ಬೆಂಗಳೂರು ಕಡೆಯಿಂದ ಬಂದ ಲಾರಿ ಇರಲಿ, ಪುಣೆ ಕಡೆಯಿಂದ ಬಂದದ್ದಿರಲಿ, ಹಿರಿಯೂರು ದಾಟುವ ಮೊದಲು ಅವರ ಶೆಡ್ಡಿನ ಮುಂದೆ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಿತ್ತು. ಅಂಗೈಯ ಗೆರೆಗಳಲ್ಲಿ ಕಪ್ಪು ಕೂತು ಹಚ್ಚೆಯಂತಾಗಿತ್ತು. ಎಷ್ಟು ಸೋಪು ಉಜ್ಜಿದರೂ ಅದು ಹೋಗುವ ಬಣ್ಣವಲ್ಲ. ಅವರಿಗೆ ಮೇಲಿನ ಕೋರೆಹಲ್ಲು ನೋವು. ಕೆನ್ನೆಗೆ ಕರ್ಚೀಫು ಒತ್ತಿಕೊಂಡು ಬಂದರು, ಆದರೆ ಕುರ್ಚಿಯ ಮೇಲೆ ಕೂರಲು ಹತ್ತು ನಿಮಿಷ ಹಿಡಿಯಿತು.

ಕುಳಿತ ಮೇಲೆ ಕಾರಣ ಹೇಳಿದರು. ಹದಿನೆಂಟು ವರ್ಷದ ಹಿಂದೆ ಅವರ ತಮ್ಮ ಇಲಿಯಾಸ್ ಒಂದು ಕಡೆ ಹಲ್ಲು ತೊಳೆಸಿಕೊಳ್ಳಲು ಹೋಗಿದ್ದನಂತೆ. ನೀರು ಬಿಟ್ಟ ಕ್ಷಣಕ್ಕೆ ಬೆಂಕಿ ಇಟ್ಟ ಹಾಗೆ ಕಿರುಚಿದನಂತೆ. ನೋಡನೋಡುತ್ತಲೇ ಅರ್ಧ ಮುಖ ಊದಿ ಕಣ್ಣು ಮುಚ್ಚಿಹೋಯಿತು. ಮಾರನೆಯ ದಿನ ಕೆನ್ನೆ ನೇರಳೆಹಣ್ಣಿನ ಬಣ್ಣ. ಊತ ಇಳಿಯಲು ವಾರಗಳು ಬೇಕಾದವು. ತುಟಿ ಜೋಮು ಹಿಡಿದದ್ದು ಆರು ತಿಂಗಳು ಬಿಡಲಿಲ್ಲ. ಬೀಡಿ ಇಟ್ಟರೆ ತುಟಿಯಲ್ಲಿ ನಿಲ್ಲುತ್ತಿರಲಿಲ್ಲ, ಜಾರಿ ಅಂಗಿಯ ಮೇಲೆ ಬೀಳುತ್ತಿತ್ತು. ಆವತ್ತಿನಿಂದ ಅವರ ಮನೆಯವರು ಯಾರೂ ಹಲ್ಲಿನ ಡಾಕ್ಟರ ಬಾಗಿಲು ತುಳಿದಿಲ್ಲ. ಹೆಂಡತಿ ಜೈತುನ್‌ಬಿಗೂ ಒಂದು ವರ್ಷದಿಂದ ದವಡೆ ನೋವು. ಅವಳು ಲವಂಗ ಕಚ್ಚಿಕೊಂಡೇ ದಿನ ತಳ್ಳುತ್ತಿದ್ದಾಳೆ, ಇಲ್ಲಿಗೆ ಮಾತ್ರ ಬರುವುದಿಲ್ಲ ಅನ್ನುತ್ತಾಳೆ.

"ನನಗೂ ಈ ನೋವು ತಡೆಯಕ್ಕಾಗಲಿಲ್ಲ ಅಂತ ಬಂದೆ," ಅಂದರು ಸಾಬರು. "ನನ್ನ ಮುಖ ನೆಟ್ಟಗೆ ಮನೆಗೆ ಹೋದರೆ ಅವಳೂ ಬರ್ತಾಳೆ. ಇಲ್ಲ ಅಂದ್ರೆ ಅವಳಿಗೆ ಲವಂಗವೇ ಗತಿ."

ದಾಕ್ಷಾಯಿಣಿ ಕನಿಕರದಿಂದಲೇ ಕೇಳಿಸಿಕೊಂಡಳು. ಯಾರೋ ಕೈ ಪಳಗದವರು ಮಾಡಿದ ಕೆಲಸ ಅಂದುಕೊಂಡಳು. ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದಳು. ಕೋರೆಹಲ್ಲಿನ ಬೇರು ಉದ್ದ, ಕಣ್ಣಿನ ಕಡೆಗೆ ಏರಿ ಹೋಗಿತ್ತು. ಹಳೆಯ ಕೀವು ತುದಿಯನ್ನು ತಿಂದು ಅಲ್ಲಿನ ಸಣ್ಣ ತೂತನ್ನು ಅಗಲ ಮಾಡಿತ್ತು. ತುದಿಯ ಸುತ್ತ ಕಡಲೆಕಾಳಿನಷ್ಟು ಕಪ್ಪು ನೆರಳು. ಅದನ್ನು ಅವಳು ನೋಡಿದಳು. ನೋಡಿದ್ದನ್ನು ತನ್ನ ಹೆಬ್ಬೆರಳಿಗೆ ಹೇಳಲಿಲ್ಲ, ಅಷ್ಟೇ.

ಆ ದಿನ ಹಲ್ಲು ತೆರೆದು, ಒಳಗಿನ ಕೊಳೆ ಕೆರೆದು, ಔಷಧ ಇಟ್ಟು ಕಳಿಸಿದಳು. ಓಂಕಾರಯ್ಯನವರು ಹಿಂದೆ ನಿಂತು ನೋಡಿದರು. ತಪ್ಪು ಹುಡುಕಲು ಏನೂ ಇರಲಿಲ್ಲ. ದೊಡ್ಡ ತೊಳೆತ ಶುಕ್ರವಾರಕ್ಕೆ ಇಟ್ಟುಕೊಂಡರು.

ಶುಕ್ರವಾರ ಬೆಳಗ್ಗೆ ಒಗೆದ ಅಂಗಿ ತೊಟ್ಟುಕೊಂಡು ರಹಮತ್ ಸಾಬರು ಬಂದರು. ಓಂಕಾರಯ್ಯನವರು ಆ ಕಡೆ ಕುರ್ಚಿಯಲ್ಲಿ ಒಂದು ಬುದ್ಧಿಹಲ್ಲಿನ ಜೊತೆ ಗುದ್ದಾಡುತ್ತಿದ್ದರು. ಶುರು ಮಾಡಿರು, ಬಂದೆ ಎಂದು ಕೂಗಿ ಹೇಳಿದರು. ಹೊರಗಿನ ಬೆಂಚು ತುಂಬಿತ್ತು. ತಟ್ಟೆಯಲ್ಲಿ ಎರಡು ಕಿಟಕಿ ಸೂಜಿಯೂ ಇದ್ದವು, ಮಾಮೂಲಿ ಸೂಜಿಯೂ ಇತ್ತು. ದಾಕ್ಷಾಯಿಣಿಯ ಕೈ ತಾನಾಗಿಯೇ ಮಾಮೂಲಿ ಸೂಜಿಗೆ ಹೋಯಿತು. ಸಾರ್ ಬರುವಷ್ಟರಲ್ಲಿ ಮುಗಿಸಿ, ಒಣಗಿದ ಹಾಳೆ ತೋರಿಸಿ, ಅವರ ಬಾಯಿಂದ ಒಂದು ಭೇಷ್ ಅನ್ನಿಸಿಕೊಳ್ಳಬೇಕೆಂದು ಅವಳ ಆಸೆ.

ರಬ್ಬರ್ ಹಾಳೆ ಕಟ್ಟುವ ಮೊದಲು ಸಾಬರು ತಟ್ಟೆಯ ಕಡೆ ತಿರುಗಿದರು. ಸಿರಿಂಜನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಮುಖದಲ್ಲಿ ಹಳೆಯ ಪರಿಚಯದವರನ್ನು ಕಂಡ ಹಾಗೆ ಒಂದು ನಗು ಬಂತು. ಇದು ನಮ್ಮ ಗ್ರೀಸ್ ಗನ್ನಿನ ಮರಿ ಇದ್ದಂಗಿದೆ ಎಂದರು. ಪುಟ್ಟರಂಗಮ್ಮ ನಕ್ಕಳು. ಹಾಗಾದರೆ ನಿಮ್ಮ ಹಲ್ಲಿಗೆ ಇವತ್ತು ಸರ್ವೀಸ್ ಎಂದಳು.

"ಒಂದು ಕೇಳ್ತೀನಿ ಡಾಕ್ಟರಮ್ಮ, ಬೈಕೋಬೇಡಿ," ಅಂದರು ಸಾಬರು. "ನೀರು ಇದರಿಂದ ಒಳಗೆ ಹೋಗ್ತದೆ, ಸರಿ. ಆಚೆಗೆ ಎಲ್ಲಿಂದ ಬರ್ತದೆ?"

ದಾಕ್ಷಾಯಿಣಿಗೆ ಬೇಕಾದ ಪ್ರಶ್ನೆಯೇ ಅದು. "ಬರೋದೇ ಇಲ್ಲ ಸಾಬ್ರೇ. ನನ್ನ ಕೈಯಲ್ಲಿ ಒಂದು ಹನಿ ಆಚೆ ಬೀಳಲ್ಲ. ನಿಮಗೆ ವಾಸನೆ ಕೂಡ ತಾಗಲ್ಲ."

ಸಾಬರ ನಗು ನಿಂತುಹೋಯಿತು. ತೆರೆದ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು. ಕುರ್ಚಿಯ ಕೈ ಹಿಡಿದುಕೊಂಡು ಎದ್ದು ಕೂತರು, ಕಾಲು ಕೆಳಗಿಳಿಸಿ ಚಪ್ಪಲಿ ಹುಡುಕಿದರು.

"ಹಂಗಾದ್ರೆ ಬೇಡ ತಾಯಿ," ಅಂದರು.

ದಾಕ್ಷಾಯಿಣಿಯ ಕಿವಿ ಬಿಸಿಯಾಯಿತು. ಬಾಗಿಲ ಹೊರಗೆ ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಇದೇ ಥರ ನಲವತ್ತು ಹಲ್ಲು ತೊಳೆದಿದ್ದೇನೆ, ಯಾರಿಗೂ ಏನೂ ಆಗಿಲ್ಲ, ಗ್ರೀಸ್ ಹೊಡೆಯುವ ನಿಮಗೆ ಹಲ್ಲಿನ ವಿಷಯ ಏನು ಗೊತ್ತು ಎಂದು ಕೇಳಿಬಿಟ್ಟಳು. ಪುಟ್ಟರಂಗಮ್ಮ ನೆಲ ನೋಡಿದಳು.

ಸಾಬರಿಗೆ ಸಿಟ್ಟು ಬರಲಿಲ್ಲ. ಹಲ್ಲಿನ ವಿಷಯ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡರು. ಗೊತ್ತಿರುವುದನ್ನು ಮಾತ್ರ ಹೇಳಿದರು. ಲಾರಿಯ ಚಕ್ರದ ಸಂದಿಗೆ ಗ್ರೀಸ್ ಗನ್ನಿಟ್ಟು ಒತ್ತಿದರೆ ಹೊಸ ಗ್ರೀಸು ಒಳಗೆ ಹೋಗುತ್ತದೆ. ಹೋದ ಹಾಗೆಲ್ಲ ಹಳೆಯದು ಅಂಚಿನಿಂದ ಕರ್ರಗೆ ಆಚೆ ಬರಬೇಕು. ಅದು ಬಂತೆಂದರೆ ಕೆಲಸ ಸರಿಯಾಯಿತೆಂದು ಅರ್ಥ. ಬರಲಿಲ್ಲ ಎಂದರೆ ದಾರಿ ಕಟ್ಟಿದೆ. ಹೊಸಬರು ಆಗ ಏನು ಮಾಡುತ್ತಾರೆ? ಮೈಭಾರ ಹಾಕಿ ಇನ್ನೂ ಒತ್ತುತ್ತಾರೆ. ಗ್ರೀಸನ್ನು ತಡೆದು ಹಿಡಿಯುವ ಒಳಗಿನ ಸೀಲ್ ಹರಿಯುತ್ತದೆ. ಗ್ರೀಸು ಹೋಗಬಾರದ ಕಡೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಚೊಕ್ಕಟವಾಗಿಯೇ ಇರುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದಾಗಲೇ ಒಳಗಿನದು ಗೊತ್ತಾಗುವುದು.

"ಚೊಕ್ಕಟವಾಗಿ ಕಂಡ ಚಕ್ರವೇ ನನಗೆ ಭಯ ತಾಯಿ," ಅಂದರು. ಕರ್ಚೀಫು ಕೆನ್ನೆಗೆ ಒತ್ತಿಕೊಂಡು ಹೊರಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಮನೆಗಂತೂ ಹೋಗಲಿಲ್ಲ.

ದಾಕ್ಷಾಯಿಣಿ ನೆಟ್ಟಗೆ ಓಂಕಾರಯ್ಯನವರ ಹತ್ತಿರ ಹೋದಳು. ಅವರು ಬುದ್ಧಿಹಲ್ಲು ಕಿತ್ತು ಕೈಗವಸು ಬಿಚ್ಚುತ್ತಿದ್ದರು. ರೋಗಿ ಮಾತು ಕೇಳುತ್ತಿಲ್ಲ, ಜನರೆದುರು ಮಾನ ಹೋಯಿತು ಎಂದು ದೂರಿದಳು. ಅವರು ಎಲ್ಲ ಕೇಳಿ, ಅವಳ ಕೈಯಲ್ಲೇ ಉಳಿದಿದ್ದ ಸಿರಿಂಜನ್ನು ನೋಡಿದರು. ಸೂಜಿಯನ್ನೂ ನೋಡಿದರು. ಗದರಲಿಲ್ಲ. ಸಾಬರಿಗೆ ನಮಾಜು ಮುಗಿಸಿಕೊಂಡು ನಾಲ್ಕು ಗಂಟೆಗೆ ಬರಲು ಹೇಳಿ ಕಳಿಸಿದರು. ಪುಟ್ಟರಂಗಮ್ಮನನ್ನು ಮಹಡಿಗೆ ಕಳಿಸಿ, ಹಾಲು ಸಕ್ಕರೆ ಏನೂ ಹಾಕದೆ ಬರೀ ನೀರಿನಲ್ಲಿ, ಸಿಹಿತಿಂಡಿಗೆ ಹೆಪ್ಪು ಕಟ್ಟಿಸುವ ಚೈನಾಗ್ರಾಸ್ ಕಾಯಿಸಿ ಕೊಡುವಂತೆ ಮನೆಯಾಕೆಗೆ ಹೇಳಿಸಿದರು. ಅದೆಂಥ ರುಚಿಯೋ, ಸಕ್ಕರೆ ಕಾಯಿಲೆ ಇವರಿಗೆ ಯಾವಾಗ ಬಂತೋ ಎಂದು ಮೇಲಿನಿಂದ ಆಕೆ ಗೊಣಗಿದ್ದು ಕೆಳಗಿನವರೆಗೂ ಕೇಳಿಸಿತು.

ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಗಾಜಿನ ಲೋಟಗಳಲ್ಲಿ ಚೈನಾಗ್ರಾಸ್ ಹೆಪ್ಪುಗಟ್ಟಿ ತಿಳಿಯಾಗಿ ನಿಂತಿತ್ತು. ಎರಡರಲ್ಲೂ ಓಂಕಾರಯ್ಯನವರು ಮೊದಲೇ ಒಂದೊಂದು ಕಿತ್ತ ಕೋರೆಹಲ್ಲನ್ನು ಕತ್ತಿನವರೆಗೆ ಹೂತಿದ್ದರು. ಒಳಗೆ ಕೆರೆದು, ಬೇರಿನ ತುದಿಯನ್ನು ಸಾಬರ ಎಕ್ಸ್‌ರೇಯಲ್ಲಿ ಕಂಡಷ್ಟೇ ಅಗಲ ಮಾಡಿದ್ದರು. ಬಟ್ಟಲಿನಲ್ಲಿ ನೀಲಿ ಶಾಯಿ ಬೆರೆಸಿದ ನೀರು ಇಟ್ಟರು. ಲೋಟದೊಳಗೆ ಇರುವುದು ಹಲ್ಲು, ಸುತ್ತ ಇರುವುದು ಮನುಷ್ಯನ ಮಾಂಸ ಎಂದು ತಿಳಿದುಕೋ, ಮೊದಲನೆಯದನ್ನು ನಿನ್ನ ಥರವೇ ತೊಳೆ ಎಂದರು.

ದಾಕ್ಷಾಯಿಣಿ ಮಾಮೂಲಿ ಸೂಜಿ ಇಳಿಸಿದಳು. ಬಿಗಿಯಾಯಿತು. ಹೆಬ್ಬೆರಳಿನಿಂದ ಒತ್ತಿದಳು. ಹಲ್ಲಿನ ತಲೆಯಿಂದ ಒಂದು ಹನಿಯೂ ಆಚೆ ಬರಲಿಲ್ಲ. ನೋಡಿದಿರಾ ಸಾರ್ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಲೋಟದ ಒಳಗೆ, ಬೇರಿನ ತುದಿಯಲ್ಲಿ, ಒಂದು ನೀಲಿ ಎಳೆ ಹೊರಟಿತು. ಎಳೆ ಬಳ್ಳಿಯಾಯಿತು. ಬಳ್ಳಿ ಕವಲೊಡೆದು ಚೈನಾಗ್ರಾಸನ್ನು ಸೀಳಿಕೊಂಡು ಲೋಟದ ಗೋಡೆ ಮುಟ್ಟಿತು. ಅವಳು ಸೂಜಿ ತೆಗೆದಳು. ನೀಲಿ ಹಿಂದಕ್ಕೆ ಬರಲಿಲ್ಲ.

ಎರಡನೆಯ ಲೋಟಕ್ಕೆ ಓಂಕಾರಯ್ಯನವರು ಕಿಟಕಿ ಸೂಜಿ ಕೊಟ್ಟರು. ಬೇರಿನ ಉದ್ದಕ್ಕಿಂತ ಎರಡು ಮಿಲಿಮೀಟರ್ ಕಡಿಮೆ ಇರುವಲ್ಲಿ ಸೂಜಿಗೆ ರಬ್ಬರಿನ ಗುರುತು ಸಿಕ್ಕಿಸಿದರು. ಎಲ್ಲೂ ಕಚ್ಚದಂತೆ ಆಡುತ್ತಲೇ ಇರಲಿ, ತೋರುಬೆರಳಿನಿಂದ ಒತ್ತು ಎಂದರು. ಹೆಬ್ಬೆರಳಿಗೆ ಬಲ ಜಾಸ್ತಿ, ತೋರುಬೆರಳಿಗೆ ಸೂಕ್ಷ್ಮ ಜಾಸ್ತಿ. ಅವಳು ಹಾಗೇ ಮಾಡಿದಳು. ನೀಲಿ ನೀರು ಹಲ್ಲಿನ ತಲೆಯಿಂದ ಉಕ್ಕಿ ಲೋಟದ ಮೇಲೆ, ಮೇಜಿನ ಮೇಲೆ, ಅವಳ ಬಿಳಿ ಕೋಟಿನ ಮೇಲೆ ಹರಿಯಿತು. ಎಲ್ಲ ಗಲೀಜಾಯಿತು. ಲೋಟದ ಒಳಗೆ ಮಾತ್ರ ಚೈನಾಗ್ರಾಸ್ ಇಟ್ಟ ಹಾಗೇ ತಿಳಿಯಾಗಿತ್ತು.

ಅವಳು ಎರಡೂ ಲೋಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಆಮೇಲೆ, ಇದೇ ಕಿಟಕಿ ಸೂಜಿಯನ್ನು ಬಿಗಿಯಾಗಿ ಸಿಕ್ಕಿಸಿ ಒತ್ತಿದರೆ ಎಂದು ಕೇಳಿದಳು. ಒತ್ತಿ ನೋಡು ಎಂದರು. ಒತ್ತಿದಳು. ಮೊದಲಿನಷ್ಟಲ್ಲದಿದ್ದರೂ ತುದಿಯಲ್ಲಿ ಒಂದು ಸಣ್ಣ ನೀಲಿ ಮೊಗ್ಗು ಮೂಡಿತು.

"ಸೂಜಿ ಅರ್ಧ ಕಾಯ್ತದೆ," ಅಂದರು ಓಂಕಾರಯ್ಯ. "ಉಳಿದರ್ಧ ನಿನ್ನ ಬೆರಳೇ ಕಾಯಬೇಕು."

ನಲವತ್ತು ಜನರಿಗೆ ಏನೂ ಆಗಲಿಲ್ಲವಲ್ಲ ಎಂದು ಅವಳು ಕೇಳಿದಳು. ಆದರೆ ಈಗ ಅದು ವಾದವಾಗಿ ಉಳಿದಿರಲಿಲ್ಲ. ಧ್ವನಿ ಸಣ್ಣದಾಗಿತ್ತು. ಓಂಕಾರಯ್ಯನವರು ಹೇಳಿದರು. ಆ ನಲವತ್ತು ಹಲ್ಲಿನ ತುದಿ ಕಿರಿದಾಗಿತ್ತು. ನೀನು ಒತ್ತಿದ ನೀರು ಅವುಗಳಲ್ಲಿ ಆಚೆಗೂ ಹೋಗಲಿಲ್ಲ, ಒಳಗೂ ಸರಿಯಾಗಿ ಓಡಾಡಲಿಲ್ಲ. ಅವರ ಅದೃಷ್ಟಕ್ಕೆ ಮುಖ ಉಳಿಯಿತು, ಆದರೆ ಹಲ್ಲು ಎಷ್ಟು ತೊಳೆದಿದೆಯೋ ಯಾರಿಗೆ ಗೊತ್ತು. ಇವತ್ತಿನ ಹಲ್ಲಿನ ತುದಿಯಲ್ಲಿ ಬಾಗಿಲೇ ತೆರೆದಿತ್ತು. ಆ ಮನುಷ್ಯ ಬಾಯಿ ಮುಚ್ಚಿಕೊಂಡು ನಿನ್ನನ್ನು ಉಳಿಸಿದ.

ಇಷ್ಟು ಹೇಳಿ ಅವರು ಸ್ಟೂಲಿನ ಮೇಲೆ ಕೂತರು. ಮೊದಲ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿದರು.

"ಇಲಿಯಾಸನ ಹಲ್ಲು ತೊಳೆದವನು ನಾನೇ ಕಣಮ್ಮ."

ಪುಟ್ಟರಂಗಮ್ಮನಿಗೆ ಅದು ಗೊತ್ತಿತ್ತೆಂದು ಕಾಣುತ್ತದೆ. ಅವಳು ಮೇಜು ಒರೆಸುವುದನ್ನು ನಿಲ್ಲಿಸಲಿಲ್ಲ. ಹದಿನೆಂಟು ವರ್ಷದ ಹಿಂದೆ ನನಗೂ ನಿನ್ನ ಹಾಗೇ ಕೈ ಚುರುಕಾಗಿತ್ತು ಎಂದರು ಓಂಕಾರಯ್ಯ. ಹಾಳೆ ಒಣಗಿರಬೇಕೆಂಬ ಹೆಮ್ಮೆ ನನಗೂ ಇತ್ತು. ಊತ ಇಳಿಯುವ ತನಕ ದಿನಾ ಅವರ ಮನೆಗೆ ಹೋದೆ. ಮಂಜುಗಡ್ಡೆ ಇಟ್ಟೆ, ಔಷಧ ಕೊಟ್ಟೆ, ಚಿತ್ರದುರ್ಗಕ್ಕೆ ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಆಮೇಲೆ ಈ ಸೂಜಿ ತರಿಸಲು ಶುರು ಮಾಡಿದೆ. ಎರಡು ವರ್ಷದಿಂದ ನಿನಗೆ ಇದನ್ನೇ ಹಾಕು ಅಂದೆ. ಯಾಕೆ ಎಂದು ಹೇಳಲಿಲ್ಲ. ಹೇಳಿದರೆ ನನ್ನ ಕಥೆ ಹೇಳಬೇಕಾಗುತ್ತಿತ್ತು, ನಾಚಿಕೆ ಅಡ್ಡ ಬಂತು. ಕಾರಣ ಬಚ್ಚಿಟ್ಟುಕೊಂಡು ನಿಯಮ ಮಾತ್ರ ಕೊಟ್ಟೆ. ನೀನು ಅದನ್ನು ಮಡಿ ಅಂದುಕೊಂಡೆ. ಅದರಲ್ಲಿ ಅರ್ಧ ತಪ್ಪು ನನ್ನದೇ.

ದಾಕ್ಷಾಯಿಣಿ ಕೋಟಿನ ನೀಲಿ ಕಲೆ ನೋಡಿಕೊಂಡಳು. ಉಳಿದ ಅರ್ಧ ನನ್ನದು ಸಾರ್ ಎಂದಳು. ನಿಮಗೆ ಕಾಣದ ಹಾಗೆ ಮಾಡಿದೆ, ಅದು ಸೂಜಿಯ ತಪ್ಪಿಗಿಂತ ದೊಡ್ಡದು. ಬೋರ್ಡಿನ ವಿಷಯ ಬಿಟ್ಟುಬಿಡಿ. ಆ ನಲವತ್ತು ಜನರ ಹೆಸರು ನನ್ನ ಪುಸ್ತಕದಲ್ಲಿದೆ, ಒಬ್ಬೊಬ್ಬರನ್ನೇ ಕರೆಸಿ ಮತ್ತೆ ಎಕ್ಸ್‌ರೇ ತೆಗೆದು ನೋಡುತ್ತೇನೆ. ಅದು ಮುಗಿದ ಮೇಲೆ ಬೇಕಾದರೆ ಇಟ್ಟುಕೊಳ್ಳಿ, ಬೇಡವಾದರೆ ಕಳಿಸಿ.

ಓಂಕಾರಯ್ಯನವರು ಲೋಟವನ್ನು ಮೇಜಿನ ಮೇಲಿಟ್ಟರು. ಗಡಿಯಾರ ನೋಡಿ, ನಾಲ್ಕಾಯಿತು, ಸಾಬರು ಬಂದಿರುತ್ತಾರೆ ಎಂದರು.

ಸಾಬರು ಬಂದಿದ್ದರು. ದಾಕ್ಷಾಯಿಣಿ ತಾನೇ ಬೆಂಚಿನ ಹತ್ತಿರ ಹೋದಳು. ಬೆಳಗ್ಗೆ ಕತ್ತು ಚಾಚಿ ನೋಡಿದ್ದ ಕೆಲವರು ಅಲ್ಲೇ ಇದ್ದರು. ಅವರೆದುರೇ ಹೇಳಿದಳು.

"ನೀವು ಕೇಳಿದ್ದು ಸರಿ ಸಾಬ್ರೇ, ನಾನು ಹೇಳಿದ್ದು ತಪ್ಪು. ಈಗ ನೀರು ಎಲ್ಲಿಂದ ಆಚೆ ಬರ್ತದೆ ಅಂತ ತೋರಿಸ್ತೀನಿ, ಬನ್ನಿ."

ಕಿಟಕಿ ಸೂಜಿಯನ್ನು ಅವರ ಕಪ್ಪು ಅಂಗೈಯ ಮೇಲೆ ಹಿಡಿದು ಒತ್ತಿದಳು. ನೀರು ಪಕ್ಕಕ್ಕೆ ಚಿಮ್ಮಿತು. ಸಾಬರು ಸೂಜಿಯ ಮುಚ್ಚಿದ ತುದಿಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ಇದನ್ನು ಮಾಡಿದವನು ಯಾರೋ ಒಂದು ಸೀಲ್ ಹರಿಸಿದವನೇ ಇರಬೇಕು ಎಂದರು.

ಒಂದು ಮಾತು ದಾಕ್ಷಾಯಿಣಿಯ ಗಂಟಲಲ್ಲಿ ಉಳಿದಿತ್ತು. ತಮ್ಮನಿಗೆ ಹಾಗಾದದ್ದು ಇಲ್ಲೇ ಎಂದು ಗೊತ್ತಿದ್ದೂ ಇಲ್ಲಿಗೇ ಯಾಕೆ ಬಂದಿರಿ ಎಂದು ಕೇಳಿದಳು.

ಸಾಬರು ಓಂಕಾರಯ್ಯನವರ ಕಡೆ ಒಮ್ಮೆ ನೋಡಿ, ಅವರಿಗೂ ಕೇಳಿಸುವ ಹಾಗೆ ಹೇಳಿದರು. "ನನ್ನ ಶೆಡ್ಡಿನಲ್ಲೂ ಅಷ್ಟೇ ತಾಯಿ. ಒಂದು ಸಲ ಸೀಲ್ ಹರಿಸಿ, ಅದನ್ನ ಒಪ್ಪಿಕೊಂಡು, ತಾನೇ ಕೂತು ರಿಪೇರಿ ಮಾಡಿದೋನು ಮತ್ತೆ ಕಣ್ಣು ಮುಚ್ಚಿ ಒತ್ತಲ್ಲ. ಸಾರ್ ಮೇಲೆ ನನಗೆ ಅನುಮಾನ ಇರಲಿಲ್ಲ. ಅವರು ಕಲ್ತಿದ್ದನ್ನ ನಿಮಗೆ ಕಲಿಸಿದಾರೋ ಇಲ್ಲವೋ ಅಂತ ಕೇಳಿದೆ, ಅಷ್ಟೇ."

ಓಂಕಾರಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

ರಹಮತ್ ಸಾಬರು ಕುರ್ಚಿಯ ಮೇಲೆ ಒರಗಿ ಬಾಯಿ ತೆರೆದರು. ದಾಕ್ಷಾಯಿಣಿ ರಬ್ಬರ್ ಹಾಳೆ ಕಟ್ಟಿದಳು. ಕಿಟಕಿ ಸೂಜಿಗೆ ಗುರುತು ಸಿಕ್ಕಿಸಿದಳು. ಇಳಿಸಿ, ಆಡುತ್ತದೆಯೇ ಎಂದು ಅಲುಗಿಸಿ ನೋಡಿ, ತೋರುಬೆರಳಿನಿಂದ ಒತ್ತಿದಳು. ಆತುರವಿಲ್ಲ. ಮೇಲೆ, ಕೆಳಗೆ, ಮತ್ತೆ ಮೇಲೆ. ಹಲ್ಲಿನ ತಲೆಯಿಂದ ಮಬ್ಬು ನೀರು ಉಕ್ಕಿತು. ಅದರಲ್ಲಿ ಒಳಗಿನ ಕೊಳೆಯ ಚೂರುಗಳಿದ್ದವು. ಒಣಗಿದ ಹಾಳೆಯ ಹೆಮ್ಮೆಯಲ್ಲಿ ಎರಡು ವರ್ಷ ಅವಳು ಕಾಣದೇ ಹೋದ ಚೂರುಗಳು ಅವು. ಪುಟ್ಟರಂಗಮ್ಮನ ಕೊಳವೆ ಗೊರಗೊರ ಎಂದು ನೀರು ಎಳೆಯಿತು.

ಬಾಯಿಗೆ ಹಾಳೆ ಕಟ್ಟಿದ್ದರಿಂದ ಸಾಬರು ಮಾತಾಡುವಂತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಆ ಗೊರಗೊರವನ್ನೇ ಕೇಳುತ್ತಿದ್ದರು. ಅದು ಪ್ರತಿ ಸಲ ಕೇಳಿದಾಗಲೂ ಕಪ್ಪು ಗೆರೆಯ ಕೈ ಮೇಲೆತ್ತಿ, ಲಾರಿಯನ್ನು ಹಿಂದಕ್ಕೆ ಬಿಡಿಸುವವರಂತೆ ಬರಲಿ ಬರಲಿ ಎಂದು ಬೆರಳಾಡಿಸಿದರು. ಪುಟ್ಟರಂಗಮ್ಮ ನಗು ತಡೆಯಲಾರದೆ ಕೊಳವೆ ಅಲುಗಾಡಿಸಿದಳು. ದಾಕ್ಷಾಯಿಣಿಯೂ ನಕ್ಕಳು, ಆದರೆ ಅವಳ ಬೆರಳು ನಗಲಿಲ್ಲ.

ಆ ಸಂಜೆ ಅವಳ ಕುರ್ಚಿಯ ಬಾಟಲಿ ಭಾರವಾಗಿತ್ತು. ಪುಟ್ಟರಂಗಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಓಂಕಾರಯ್ಯನವರಿಗೆ ತೋರಿಸಿದಳು. ಅವರು ಅದನ್ನು ನೋಡಿ, ಒಳಗಿನ ಕೋಣೆಯಿಂದ ಕಾಗದ ಸುತ್ತಿದ ಒಂದು ಹಲಗೆ ತಂದು ಗೋಡೆಗೆ ಒರಗಿಸಿದರು. ಹೊಸ ಬೋರ್ಡು. ಪೇಂಟರ್ ಗುರುವಾರವೇ ಕೊಟ್ಟು ಹೋಗಿದ್ದನಂತೆ. ಎರಡು ಹೆಸರೂ ಅದರಲ್ಲಿದ್ದವು. ಮೊದಲು ಆ ನಲವತ್ತು ಜನರನ್ನು ಕರೆಸು, ಕೊನೆಯವರು ತೋರಿಸಿಕೊಂಡು ಹೋದ ದಿನ ಇದನ್ನು ನೀನೇ ಮೊಳೆ ಹೊಡೆದು ಹಾಕು ಎಂದರು.

ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ದಾಕ್ಷಾಯಿಣಿ ಫೋನು ಹಿಡಿದು ತನ್ನ ಪುಸ್ತಕದ ಮೊದಲನೆಯ ಹೆಸರಿಗೆ ಕರೆ ಮಾಡುತ್ತಿದ್ದಳು. ಮೆಟ್ಟಿಲ ಹತ್ತಿರ ಯಾರೋ ಕೆಮ್ಮಿದರು. ತಲೆ ಎತ್ತಿದಳು. ರಹಮತ್ ಸಾಬರು ನಿಂತಿದ್ದರು. ಮುಖ ನಿನ್ನೆ ಇದ್ದಂತೆಯೇ ನೆಟ್ಟಗಿತ್ತು. ತುಟಿಯ ತುದಿಯಲ್ಲಿ ಒಂದು ಬೀಡಿ ಇತ್ತು. ಆಸ್ಪತ್ರೆಯ ಬಾಗಿಲೆಂದು ಹಚ್ಚಿರಲಿಲ್ಲ. ಕೈ ಬಿ‌ಟ್ಟು ತೋರಿಸಿದರು. ಬೀಡಿ ಅಲ್ಲಾಡದೆ ನಿಂತಿತ್ತು.

ಅವರ ಬೆನ್ನ ಹಿಂದೆ, ಸೆರಗಿನಿಂದ ದವಡೆ ಒತ್ತಿಕೊಂಡು, ಜೈತುನ್‌ಬಿ ಚಪ್ಪಲಿ ಬಿಡುತ್ತಿದ್ದಳು.

ನೀತಿ: ಒಳಗೆ ತಳ್ಳುವ ಮೊದಲು, ಅದು ಮರಳಿ ಬರುವ ದಾರಿ ತೆರೆದಿದೆಯೇ ನೋಡಬೇಕು. ಹೊರಗೆ ಚೊಕ್ಕಟವಾಗಿ ಕಂಡ ಕೆಲಸವೆಲ್ಲ ಒಳಗೂ ಸರಿ ಇರುವುದಿಲ್ಲ. ಒಳ್ಳೆಯ ಸಲಕರಣೆ ನಮ್ಮನ್ನು ಅರ್ಧ ದಾರಿ ಕಾಯುತ್ತದೆ, ಉಳಿದರ್ಧ ನಮ್ಮ ಕೈ ಕಾಯಬೇಕು. ಮತ್ತು ತಾನು ಎಡವಿದ ಜಾಗವನ್ನು ನಾಚಿಕೆ ಬಿಟ್ಟು ತೋರಿಸುವವನೇ ನಿಜವಾಗಿ ಕಲಿಸಿದ ಗುರು.